ಹೊಳೆಗಿಂತ ಮೊದಲು ಮುಟ್ಟಬೇಕಿದ್ದ ವ್ಯಾನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಮಧ್ಯಾಹ್ನ ಭೀಮಾ ದಂಡೆಯಲ್ಲಿ ಒಂದು ಹಿಂಡು ಕುರಿಗಳನ್ನು ಆಳದ ನೀರಿನ ಕಡೆಗೆ ಕರೆದವನು ನಾನೇ. ಕರೆ ಎಂದು ಯಾರೂ ಹೇಳಿರಲಿಲ್ಲ. ಕರೆಯಬೇಡ ಎಂದು ಹಿಂದಿನ ದಿನವೇ ಹೇಳಿದ್ದರು. ಕೈಯಲ್ಲಿ ಮೈಕಿತ್ತು, ವ್ಯಾನಿನ ನೆತ್ತಿಯ ಮೇಲೆ ಎರಡು ಭೋಂಗಾ ಸ್ಪೀಕರು ಇದ್ದವು, ನನ್ನ ಬಾಯಿಯಂತೂ ಹುಟ್ಟಿದಂದಿನಿಂದ ನನ್ನ ಮಾತು ಕೇಳಿಲ್ಲ.

ಇಂಡಿಯಲ್ಲಿ ಜನ ನನ್ನನ್ನು ಕರೆಯುವುದು ಶಾಲೆಯ ಗ್ಯಾದರಿಂಗಿಗೆ, ಮದುವೆಯ ಹಿಂದಿನ ಸಂಜೆಗೆ. ಬಸ್ ಸ್ಟ್ಯಾಂಡಿನ ಕಂಡಕ್ಟರು, ಲಿಂಬೆಹಣ್ಣಿನ ಸವಾಲಿನಲ್ಲಿ ದರ ಕೂಗುವವ, ಹಲ್ಲಿನ ಸೆಟ್ಟು ಸಡಿಲಾದ ನಮ್ಮ ಗಣಿತದ ಮಾಸ್ತರರು, ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅವರ ಮನೆಯವರೇ ಓಗೊಡುವಂತೆ ಮಾತಾಡಬಲ್ಲೆ. ನಿನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತದೆ.

ಆ ವರ್ಷ ಮಳೆಗಾಲದ ಕೊನೆಗೆ, ಮೇಲಿನ ಸೀಮೆಯಲ್ಲಿ ಸುರಿದ ಮಳೆಗೆ ಭೀಮೆಗೆ ದೊಡ್ಡ ನೀರು ಬರುತ್ತಿದೆ ಎಂಬ ಸುದ್ದಿ ಬಂತು. ಇಂಡಿ ಮತ್ತು ಸಿಂದಗಿ ಕಡೆಯ ದಂಡೆಯ ಹಳ್ಳಿಗಳಿಗೆ ಹೇಳಿಬರಲು ಒಂದು ವ್ಯಾನು, ಒಬ್ಬ ಡ್ರೈವರು, ಒಂದು ಬಾಯಿ ಬೇಕಾಯಿತು. ಬಾಯಿ ನಾನಾದೆ. ಡ್ರೈವರು ನನಗೆ ದೂರದ ಮಾವನಾಗಬೇಕು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ನಮ್ಮಿಬ್ಬರ ಮೇಲೆ ಕಂದಾಯ ಇಲಾಖೆಯ ಒಬ್ಬ ಮೇಡಂ. ತುಮಕೂರು ಕಡೆಯವರು, ನಮ್ಮಲ್ಲಿಗೆ ಬಂದು ಒಂದು ಬೇಸಿಗೆ ಮಾತ್ರ ಕಳೆದಿದ್ದರು. ನಮ್ಮ ಮಾತು ಕೇಳಿದರೆ ಜಗಳವಾಡುತ್ತಿದ್ದಾರೆ ಎಂದು ಅವರಿಗೆ ಇನ್ನೂ ಅನ್ನಿಸುತ್ತಿತ್ತು.

ಕೆಲಸದ ಪದ್ಧತಿ ಸರಳ. ವ್ಯಾನಿನ ಮೂತಿ ಯಾವಾಗಲೂ ಏರಿನ ಕಡೆಗಿರಬೇಕು, ವಾಪಸು ಓಡಬೇಕಾದಾಗ ತಿರುಗಿಸುವ ರಗಳೆ ಇರಬಾರದು. ಮೊದಲು ಬ್ಯಾಟರಿ ವೈರು, ಆಮೇಲೆ ಆಂಪ್ಲಿಫೈಯರು, ಕೊನೆಗೆ ಮೈಕು. ಕ್ರಮ ತಪ್ಪಿದರೆ ಭೋಂಗಾ ಹಂದಿಯ ಹಾಗೆ ಕಿರುಚುತ್ತದೆ. ಊರ ಮುಂದೆ ಮೂರು ಸಲ, ಗುಡಿಯ ಕಟ್ಟೆಯ ಹತ್ತಿರ ಮೂರು ಸಲ, ಹೊಳೆಗೆ ಇಳಿಯುವ ದಾರಿಯ ತಲೆಗೆ ಮೂರು ಸಲ ಹೇಳಬೇಕು. ಆಮೇಲೆ ಊರಿನ ಇಬ್ಬರ ಸಹಿ, ಒಂದು ಫೋಟೋ. ಡಾಂಬರು ಬಿಟ್ಟು ಎರೆಮಣ್ಣಿಗೆ ಗಾಲಿ ಇಳಿಸುವಂತಿಲ್ಲ. ಹಸಿ ಎರೆ ಹಿಡಿದರೆ ಟ್ರ್ಯಾಕ್ಟರ್ ಬಂದು ಎಳೆಯುವ ತನಕ ಬಿಡುವುದಿಲ್ಲ.

ಮೊದಲ ಊರಿನಲ್ಲಿ ಕೊಟ್ಟ ಚೀಟಿಯನ್ನೇ ಓದಿದೆ. "ನದಿ ಪಾತ್ರದ ಸಾರ್ವಜನಿಕರು ತಮ್ಮ ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು." ಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಮುದುಕರು ನನ್ನನ್ನೇ ನೋಡಿದರು.

"ಯಾರಿಗ್ ಹೇಳಾಕತ್ತಾನ?" ಎಂದ ಒಬ್ಬ.

"ಸಾರ್ವಜನಿಕರಿಗಂತ."

"ಹಂಗಾರ ನಮಗಲ್ಲ ಬಿಡು." ಎಲೆಗೆ ಸುಣ್ಣ ಹಚ್ಚುವುದನ್ನು ಮುಂದುವರಿಸಿದರು.

ಎರಡನೆಯ ಊರಿನಲ್ಲಿ ಕಂಡಕ್ಟರನ ದನಿಯಲ್ಲಿ ಹೇಳಿದೆ, ಮುಂದೆ ಹೋಗಿ, ಒಳಗೆ ಹೋಗಿ, ಹೊಳೆ ಹತ್ತುತ್ತಿದೆ ಎಂದು. ಊರಿಗೆ ಊರೇ ಕೂಡಿತು. ನಕ್ಕರು, ಇನ್ನೊಂದು ಮಾಡು ಎಂದರು, ಒಬ್ಬರು ಚಹಾ ಕಳಿಸಿದರು. ಹೊಳೆಯ ಕಡೆಗೆ ಒಂದು ನರಪಿಳ್ಳೆಯೂ ಹೋಗಲಿಲ್ಲ. ಮೇಡಂ ವ್ಯಾನಿನ ಬಾಗಿಲು ಎಳೆದುಕೊಂಡು, "ನೀನು ಎಚ್ಚರಿಕೆ ಕೊಡ್ತಿದ್ದೀಯೋ, ಟಿಕೆಟ್ ಕೊಡ್ತಿದ್ದೀಯೋ?" ಎಂದರು. ಅದನ್ನು ಅವರ ದನಿಯಲ್ಲೇ ತಿರುಗಿ ಹೇಳುವ ಆಸೆಯನ್ನು ನುಂಗಿಕೊಂಡದ್ದಕ್ಕೆ ಸಾಕ್ಷಿ ಡ್ರೈವರ್ ಮಾವ.

ದಾರಿ ತೋರಿಸಿದವನೂ ಅವನೇ. "ಹೊಳಿ ಬರತೈತಿ ಅಂದ್ರ ಯಾವಾಂವ ಏಳ್ತಾನಲೇ? ಮೋಟಾರ ಕೊಚ್ಚಿ ಹೊಕ್ಕಾವ ಅನ್ನು."

ಮೂರನೆಯ ಊರಿನಲ್ಲಿ ಹಾಗೇ ಅಂದೆ. "ಹೊಳಿಯಾಗಿನ ಮೋಟಾರ ಎತ್ರೀ. ನಾಳಿ ಮಧ್ಯಾಹ್ನಕ್ಕ ನೀರು ಬರತೈತಿ, ಮೋಟಾರ ಹೊಕ್ಕಾವು." ಐದು ನಿಮಿಷದಲ್ಲಿ ಎರಡು ಟ್ರ್ಯಾಕ್ಟರು ದಂಡೆಗಿಳಿದವು, ಹಗ್ಗ ಕಟ್ಟಿ ಪಂಪುಗಳನ್ನು ಎಳೆಯತೊಡಗಿದವು. ಮೋಟಾರು ಎತ್ತಲು ಹೋದವರು ದಂಡೆಯಲ್ಲಿ ಕಟ್ಟಿದ್ದ ದನವನ್ನೂ ಬಿಚ್ಚಿಕೊಂಡು ಬಂದರು, ಹೊಳೆಯಂಚಿನ ಗುಡಿಸಲಿನವರನ್ನೂ ಎಬ್ಬಿಸಿದರು. ಮೇಡಂ ಆ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿದರು. ಮತ್ತೆ ತೆಗೆಯಲಿಲ್ಲ.

ಆಮೇಲೆ ನಾವು ಊರಿನಿಂದ ಊರಿಗೆ ಹೊಳೆಯ ಜೊತೆಜೊತೆಗೇ ಇಳಿದೆವು. ಇಷ್ಟು ವರ್ಷ ಇಂಡಿಯಲ್ಲಿದ್ದೂ ಭೀಮೆಯನ್ನು ನಾನು ಸೇತುವೆಯ ಮೇಲಿನಿಂದ, ಬಸ್ಸಿನ ಕಿಟಕಿಯಲ್ಲಿ ಮಾತ್ರ ನೋಡಿದ್ದೆ. ದಂಡೆಯ ದಾರಿಯಲ್ಲಿ ಅವಳು ಬೇರೆಯೇ. ಒಂದು ತಿರುವಿನಲ್ಲಿ ಕಬ್ಬಿನ ಹಿಂದೆ ಮರೆಯಾಗುತ್ತಾಳೆ, ಇನ್ನೊಂದು ತಿರುವಿನಲ್ಲಿ ಸೂರ್ಯಕಾಂತಿಯ ಹೊಲ ಮುಗಿದಲ್ಲಿ ನೆಲವೇ ಬಿರಿದ ಹಾಗೆ ಕೆಳಗೆ ಕಾಣುತ್ತಾಳೆ. ಈಚೆ ಕರಿ ನೆಲ, ಆಚೆ ಮಹಾರಾಷ್ಟ್ರದ ಕರಿ ನೆಲ, ನಡುವೆ ಒಂದು ಆಕಾಶ ಕೆಳಗೆ ಬಿದ್ದು ಮಲಗಿದ ಹಾಗೆ ನೀರು. ಮಳೆ ತೊಳೆದ ಬಯಲಿನಲ್ಲಿ ಕಣ್ಣು ಎಲ್ಲಿಯೂ ತಡೆಯುವುದಿಲ್ಲ. ಮೂರು ಊರಿನ ಗುಡಿಯ ಶಿಖರಗಳು ಒಮ್ಮೆಗೇ ಕಾಣುತ್ತವೆ. ನಾನು ಮಾತು ನಿಲ್ಲಿಸಿದೆ. ಡ್ರೈವರ್ ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ, "ಜ್ವರ ಬಂದಾವೇನಲೇ?" ಎಂದ.

ಆ ಸಂಜೆ ಉಳಿಯಲು ಮೋರಟಗಿಯ ಕಡೆಗೆ ತಿರುಗುವಾಗ ದಾರಿಗೆ ಅಡ್ಡವಾಗಿ ಕುರಿಯ ಹಿಂಡು ಸಿಕ್ಕಿತು. ಮುಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ ಒಬ್ಬ ವಯಸ್ಸಾದ ಆಯಿ, ಹಿಂದೆ ನಲವತ್ತರ ಆಸುಪಾಸಿನ ಮಗ. ಬಸವನ ಬಾಗೇವಾಡಿ ಸೀಮೆಯ ಮಸೂತಿ ಎಂಬ ಊರಿನವರು. ಮಡ್ಡಿ ನೆಲದ ಮೇವು ಮುಗಿದದ್ದರಿಂದ ಹೊಳೆಯ ಹಸಿರು ನೋಡಿ ಇಳಿದಿದ್ದರು. ವ್ಯಾನಿಗೆ ದಾರಿ ಬಿಡಿಸಲು ಆಯಿ ಒಂದು ಕೂಗು ಹಾಕಿದಳು. ಮೂಗಿನಿಂದ ಎರಡು ಗಿಡ್ಡ ಎಳೆ, ಆಮೇಲೆ ನಾಲಿಗೆ ನಡುಗಿಸಿ ಒಂದು ಉದ್ದನೆಯ ಎಳೆ, ಕೊನೆಗೆ ಪ್ರಶ್ನೆ ಕೇಳಿದ ಹಾಗೆ ಮೇಲಕ್ಕೆತ್ತಿ ಬಿಟ್ಟುಬಿಡುವುದು. ಅಷ್ಟೂ ಕುರಿ ಒಂದೇ ಮೈಯಾಗಿ ಎಡಕ್ಕೆ ಸರಿದವು.

ನಾನು ಫೋನು ತೆಗೆದು ಇನ್ನೊಮ್ಮೆ ಕೂಗಿಸಿ ರೆಕಾರ್ಡು ಮಾಡಿಕೊಂಡೆ. ಅಲ್ಲಿಯೇ ನಾಲ್ಕು ಸಲ ಅಭ್ಯಾಸ ಮಾಡಿದೆ. ಐದನೆಯ ಸಲಕ್ಕೆ ಹಿಂಡಿನ ಅರ್ಧ ತಲೆಗಳು ವ್ಯಾನಿನ ಕಡೆಗೆ ತಿರುಗಿದವು. ಎರಡು ಮರಿಗಳು ಹತ್ತಿರ ಬಂದು ಮೇಡಂ ಅವರ ಸೀರೆಯ ಸೆರಗು ಮೂಸಿದವು.

ಮಗ ನಕ್ಕ. ಆಯಿ ನಗಲಿಲ್ಲ. "ತಮ್ಮಾ, ಇದನ್ನ ಕೂಗಬ್ಯಾಡ."

"ಯಾಕ್ರಿ ಆಯಿ? ತಪ್ಪಾತೇನು?"

"ತಪ್ಪಾಗಿಲ್ಲ, ಅದಕ್ಕಽ ಹೇಳಾಕತ್ತೇನಿ. ಅವು ನಂಬ್ತಾವ."

ನಾನು ಕೈಮುಗಿದೆ. ಹೊಳೆಯ ವಿಷಯವನ್ನು ಮೇಡಂ ಆ ತಾಯಿ ಮಗನಿಗೂ ಹೇಳಿದರು. ನಾಳೆ ಮಧ್ಯಾಹ್ನದ ಒಳಗೆ ಮೇಲಕ್ಕೆ ಹತ್ತುತ್ತೇವೆ ಎಂದು ಮಗ ಒಪ್ಪಿದ. ಮೋರಟಗಿ ಮುಟ್ಟುವ ತನಕ ನಾನು ಕಿಟಕಿಯ ಹೊರಗೆ ಬಾಯಿ ಹಾಕಿ ಅದೇ ಕೂಗು ಕೂಗುತ್ತ ಬಂದೆ.

ಮರುದಿನ ಬೆಳಿಗ್ಗೆ ಹೊಳೆಗೆ ಹೋದಾಗ ನೀರಿನ ಬಣ್ಣ ಬದಲಾಗಿತ್ತು. ನಿನ್ನೆ ಹಸಿರು ಕಲೆತ ಬೂದು, ಇವತ್ತು ಚಹಾದ ಕೆಂಪು. ಸದ್ದಿಲ್ಲ. ಅಷ್ಟು ದೊಡ್ಡ ನೀರು ಬಂದರೆ ಗದ್ದಲವಾಗುತ್ತದೆ ಎಂದು ನಾನು ತಿಳಿದಿದ್ದೆ. ಗದ್ದಲ ಮಾಡುವುದು ಸಣ್ಣ ಹಳ್ಳಗಳು. ಭೀಮೆ ಸುಮ್ಮನೆ ಅಗಲವಾಗುತ್ತಿದ್ದಳು. ಅಂತರಗಂಗೆಯ ದೊಡ್ಡ ದೊಡ್ಡ ಹಾಸು, ಬುಡಸಮೇತ ಒಂದು ಜಾಲಿಗಿಡ, ಯಾರದೋ ಪಂಪಿನ ಗುಡಿಸಲಿನ ತಗಡು, ಅದರ ಮೇಲೆ ಕುಳಿತ ಒಂದು ಬೆಳ್ಳಕ್ಕಿ, ಎಲ್ಲವೂ ಮೆರವಣಿಗೆಗೆ ಹೊರಟವರ ಹಾಗೆ ಒಂದೇ ವೇಗದಲ್ಲಿ ಸಾಗಿದ್ದವು. ನೀರಿನ ಏರಿಕೆ ನೋಡಲು ಮೇಡಂ ದಂಡೆಯಲ್ಲಿ ನೆಟ್ಟಿದ್ದ ಕೋಲಿನ ಬುಡಕ್ಕೆ ನೀರು ಬಂದದ್ದನ್ನು ಯಾರೂ ನೋಡಲಿಲ್ಲ, ಬಂದಿತ್ತು, ಅಷ್ಟೆ. ಅಷ್ಟು ಬಲ ಇದ್ದೂ ಅಷ್ಟು ಮೆಲ್ಲಗೆ ನಡೆಯುವುದನ್ನು ನಾನು ಯಾರಲ್ಲಿಯೂ ಕಂಡಿಲ್ಲ. ಅದನ್ನು ಅಣಕಿಸಲು ಎಲ್ಲಿಂದ ಶುರು ಮಾಡಬೇಕು ಎಂದೂ ತಿಳಿಯಲಿಲ್ಲ.

ಮೂರು ಊರು ಮುಗಿಸಿ ನಾಲ್ಕನೆಯದಕ್ಕೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆ ಊರಿನ ಕೆಳಗೆ ಒಂದು ಹಳ್ಳ ಭೀಮೆಗೆ ಕೂಡುತ್ತದೆ. ಹಳ್ಳಕ್ಕೂ ಹೊಳೆಗೂ ನಡುವೆ ಒಂದು ಹುಲ್ಲಿನ ದಿಬ್ಬ. ಡಾಂಬರು ರಸ್ತೆ ಹಳ್ಳದ ಬಾಯಿಯ ಹತ್ತಿರ, ಎತ್ತರದ ದಂಡೆಯ ಮೇಲೆ ಮುಗಿಯುತ್ತದೆ. ಅಲ್ಲಿ ವ್ಯಾನು ನಿಲ್ಲಿಸಿದೆವು. ಎದುರಿನ ದಿಬ್ಬದ ಮೇಲೆ ನಿನ್ನೆಯ ಹಿಂಡು ಮೇಯುತ್ತಿತ್ತು, ಮಗ ಒಬ್ಬನೇ ಇದ್ದ. ಆಯಿ ಜೋಳ ಬೀಸಿಸಿಕೊಂಡು ಬರಲು ಊರಿನ ಗಿರಣಿಗೆ ಹೋಗಿದ್ದಳೆಂದು ಆಮೇಲೆ ತಿಳಿಯಿತು.

ಮೈಕಿನಲ್ಲಿ ಹೇಳಿದೆ. ಮಗ ಹೊಳೆಯ ಕಡೆಗೆ ಕೈ ತೋರಿಸಿದ, ನೀರು ಇನ್ನೂ ಎಷ್ಟು ಕೆಳಗಿದೆ ನೋಡು ಎಂಬಂತೆ. ಅವನು ತೋರಿಸಿದ್ದೂ ನಿಜವೇ. ದಿಬ್ಬದ ಹೊಳೆಯ ಕಡೆಯ ಗೋಡೆ ಇನ್ನೂ ಆಳೆತ್ತರ ಒಣಗಿತ್ತು.

ಆಗ ಮೇಡಂ, "ಈ ನೊರೆ ಯಾಕೆ ಈ ಕಡೆ ಹೋಗ್ತಿದೆ?" ಎಂದರು.

ಬಗ್ಗಿ ನೋಡಿದೆ. ನಮ್ಮ ಕಾಲ ಕೆಳಗಿನ ಹಳ್ಳದಲ್ಲಿ ನೊರೆಯೂ ಕಸವೂ ಹೊಳೆಯ ಕಡೆಗಲ್ಲ, ಹೊಳೆಯಿಂದ ಮೇಲಕ್ಕೆ ಹೊರಟಿದ್ದವು. ಭೀಮೆ ಹಳ್ಳವನ್ನು ಹಿಂದಕ್ಕೆ ದೂಡುತ್ತಿದ್ದಳು. ಹುಟ್ಟಿದಾಗಿನಿಂದ ಕೆಳಗಿಳಿದ ನೀರು ಈಗ ತಾನು ಬಂದ ದಾರಿಯನ್ನೇ ಹತ್ತುತ್ತಿತ್ತು, ಏನೂ ಆಗದವರ ಹಾಗೆ, ಒಂದು ಗುಳ್ಳೆಯ ಸದ್ದೂ ಇಲ್ಲದೆ. ನಾವು ಎರಡು ದಿನ ಎಲ್ಲರಿಗೂ ಮುಂದಿನ ಹೊಳೆ ನೋಡಿ ಎಂದು ಕೂಗಿದ್ದೆವು. ನೀರು ದಿಬ್ಬದವನ ಬೆನ್ನಿನ ಕಡೆಯಿಂದ ಬರುತ್ತಿತ್ತು.

ದಿಬ್ಬದಿಂದ ಈಚೆಗೆ ಹಾಯುವ ಒಂದೇ ಜಾಗ ಇರುವುದು ಮೇಲೆ, ಎರಡು ಹೊಲ ದಾಟಿ, ಹಳ್ಳದಲ್ಲಿ ಕಲ್ಲಿನ ಹಾಸು ಇರುವಲ್ಲಿ. ಅಲ್ಲಿ ಇನ್ನೂ ಮೊಳಕಾಲು ನೀರು. ನಾವು ನಿಂತ ಬಾಯಿಯ ಹತ್ತಿರ ಆನೆ ಮುಳುಗುವಷ್ಟು. ಇದೆಲ್ಲ ನನಗೆ ಗೊತ್ತಿತ್ತು, ಊರಿನವರು ಆಗತಾನೆ ಹೇಳಿದ್ದರು. ಆದರೂ ಹಿಂದಿನ ನೀರು ಕಂಡ ಮಗ ಕೋಲು ಹಿಡಿದು ಕುರಿಗಳನ್ನು ನಿಧಾನವಾಗಿ ಒಂದೊಂದಾಗಿ ಕೂಡಿಸುವ ಪರಿ ನೋಡಿ ನನಗೆ ತಡೆಯಲಾಗಲಿಲ್ಲ. ಹೆದರಿಕೆಯೂ ಇತ್ತು, ಸುಳ್ಳು ಯಾಕೆ, ಮೇಡಂ ಎದುರು ಮೆರೆಯುವ ಆಸೆಯೂ ಇತ್ತು. ಸೀಟಿನಲ್ಲಿ ಕುಳಿತೇ ಮೈಕು ತುಟಿಗೆ ಹಚ್ಚಿ ಆಯಿಯ ಕೂಗು ಹಾಕಿದೆ.

ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಎರಡು ಭೋಂಗಾದಿಂದ ಹೊರಟ ಕೂಗು ಬಯಲಿನ ಮೇಲೆ ಹರಡಿತು. ಅಷ್ಟೂ ತಲೆ ಒಮ್ಮೆಗೇ ಎದ್ದವು. ಹಿಂಡು ಓಡಿತು, ನನ್ನ ಕಡೆಗೆ, ನೆಟ್ಟಗೆ.

ಹಾಯುವ ಜಾಗಕ್ಕೆ ಹೋಗಲಿಲ್ಲ. ವ್ಯಾನಿನ ಎದುರಿನ ಅಂಚಿಗೆ ಬಂದು ನಿಂತವು. ಮುಂದಿನವು ನೀರು ನೋಡಿ ತಡೆದವು, ಹಿಂದಿನವು ಇನ್ನೂ ಬರುತ್ತಿದ್ದವು. ನಾಲ್ಕೈದು ಕುರಿಗಳು ದಡದಿಂದ ಜಾರಿ ನೀರಿಗೆ ಬಿದ್ದದ್ದನ್ನು ನಾನು ಮೈಕು ಹಿಡಿದುಕೊಂಡೇ ನೋಡಿದೆ. ಮಗ ಕೂಗುತ್ತಿದ್ದ, ಏನೆಂದು ಕೇಳುತ್ತಿರಲಿಲ್ಲ. ಸರಿಪಡಿಸುತ್ತೇನೆ ಎಂದುಕೊಂಡು ಇನ್ನೊಮ್ಮೆ ಕೂಗಲು ಉಸಿರು ಎಳೆದುಕೊಂಡೆ.

"ಬಾಯಿ ಮುಚ್ಚಲೇ."

ಆಯಿ. ಊರ ಕಡೆಯಿಂದ ಓಡಿಬರುತ್ತಿದ್ದಳು, ತಲೆಯ ಮೇಲಿನ ಹಿಟ್ಟಿನ ಗಂಟು ಎಲ್ಲಿಯೋ ಬಿಸಾಕಿ. ತನ್ನದೇ ದನಿ ಊರ ಮೇಲೆ ಬಂದದ್ದು ಕೇಳಿ ಗಿರಣಿಯಿಂದ ಎದ್ದಿದ್ದಳು. ನಮ್ಮ ಹತ್ತಿರ ನಿಲ್ಲಲಿಲ್ಲ. ಮೇಲೆ, ಕಲ್ಲಿನ ಹಾಸಿನ ಕಡೆಗೆ ಓಡಿದಳು.

ನಾನು ಮೇಡಂ ಮುಖ ನೋಡಿದೆ. "ವ್ಯಾನ್ ಅಲ್ಲಿಗೆ ಒಯ್ದು ಕೂಗ್ಲೇನ್ರಿ?"

ಮೇಡಂ ಮೇಲಕ್ಕೆ ಓಡುತ್ತಿದ್ದ ಆಯಿಯ ಕಡೆ ನೋಡಿದರು. ಎರಡು ದಿನ ಹಳ್ಳಿ ಹಳ್ಳಿಗೂ ಜೋರಾಗಿ ಹೇಳು ಎಂದು ನನ್ನ ಬೆನ್ನು ಹತ್ತಿದ್ದವರು. "ಬೇಡ. ಎಲ್ಲ ಆಫ್ ಮಾಡು. ಇಂಜಿನ್ ಕೂಡ. ಕುರಿಗೆ ಅವರ ದನಿ ಒಂದೇ ಕೇಳಿಸ್ಬೇಕು."

ಮೈಕು, ಆಂಪ್ಲಿಫೈಯರು, ಬ್ಯಾಟರಿ, ಉಲ್ಟಾ ಕ್ರಮದಲ್ಲಿ ಒಂದೊಂದೇ ಕಿತ್ತೆ. ಡ್ರೈವರ್ ಮಾವ ಚಾವಿ ತಿರುಗಿಸಿದ. ಎರಡು ದಿನದಿಂದ ಕಿವಿಯಲ್ಲಿದ್ದ ಗುಂಯ್‌ಗುಟ್ಟುವಿಕೆ ನಿಂತಿತು. ಆ ಮೌನದಲ್ಲಿ, ದೂರದಿಂದ, ಮೂಗಿನಿಂದ ಎರಡು ಗಿಡ್ಡ ಎಳೆ, ನಾಲಿಗೆ ನಡುಗಿಸಿ ಒಂದು ಉದ್ದನೆಯದು.

ನಾವು ಮೂವರೂ ಭೋಂಗಾ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು ಅತ್ತ ಓಡಿದೆವು. ಆಯಿ ಹಳ್ಳದ ನಡುವೆ ಸೀರೆ ಕಚ್ಚೆ ಕಟ್ಟಿ ಮೊಳಕಾಲು ನೀರಿನಲ್ಲಿ ನಿಂತಿದ್ದಳು. ಆಚೆ ಮಗ ಒಂದು ದೊಡ್ಡ ಹೋತದ ಕೊಂಬು ಹಿಡಿದು ದಿಬ್ಬದ ಅಂಚಿನಗುಂಟ ಎಳೆದು ತರುತ್ತಿದ್ದ. ಹೋತ ನಡೆದದ್ದು ನೋಡಿ ಎರಡು ಕುರಿ, ಎರಡು ನೋಡಿ ಹತ್ತು, ಆಮೇಲೆ ಆ ಗುಂಪಿನ ಗಂಟು ಬಿಚ್ಚಿಕೊಂಡು ಹಿಂಡು ಒಂದು ಎಳೆಯಾಗಿ ಹಾಯುವ ಜಾಗಕ್ಕೆ ಬಂತು. ಹೋತ ನೀರಿಗಿಳಿಯಿತು. ಆಯಿ ಕೂಗುತ್ತಲೇ ಇದ್ದಳು.

ನಾವು ಅವಳ ಎರಡೂ ಬದಿಗೆ ಹಗ್ಗ ಹಿಡಿದು ನಿಂತೆವು, ಕುರಿ ಕಲ್ಲಿನ ಹಾಸು ಬಿಟ್ಟು ಸರಿಯದ ಹಾಗೆ. ಮರಿಗಳನ್ನು ಎತ್ತಿ ಎತ್ತಿ ದಡಕ್ಕೆ ಕೊಟ್ಟೆವು. ಒದ್ದೆ ಉಣ್ಣೆ ಎಷ್ಟು ಭಾರ ಎಂದು ಅವತ್ತು ತಿಳಿಯಿತು. ಮೇಡಂ ಒಂದು ಮರಿಯನ್ನು ಕಂಕುಳಲ್ಲಿ ಹಿಡಿದು, ಇನ್ನೊಂದರ ಕಿವಿ ಹಿಡಿದು, "ಬಾರೇ, ಬಾರೇ ಅಮ್ಮಾ" ಎನ್ನುತ್ತಿದ್ದರು. ಅದನ್ನು ನಾನು ಇವತ್ತಿನ ತನಕ ಎಲ್ಲಿಯೂ ಅಣಕಿಸಿಲ್ಲ. ನೀರು ಮೊಳಕಾಲಿನಿಂದ ತೊಡೆಗೆ ಬಂತು. ನೀರು ಏರಿದ ಹಾಗೆ ಆಯಿ ಜೋರಾಗಿ ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ದನಿ ಇಳಿಸುತ್ತ ಹೋದಳು. ಕೊನೆಯ ಕುರಿಗಳು ಬರುವ ಹೊತ್ತಿಗೆ ಅದು ಕೂಗಾಗಿರಲಿಲ್ಲ, ಪಕ್ಕದಲ್ಲಿ ಕುಳಿತವರಿಗೆ ಏನೋ ಹೇಳಿದ ಹಾಗಿತ್ತು. ಕಿವಿ ನಿಮಿರಿಸಿಕೊಂಡು, ಅವಳ ಮುಖವನ್ನೇ ನೋಡುತ್ತ, ಕುತ್ತಿಗೆಯ ತನಕ ನೀರಿನಲ್ಲಿ ಅವು ಬಂದವು. ಹಿಂದೆ ಭೀಮೆ ದಿಬ್ಬದ ಅಂಚನ್ನು ತಿನ್ನುತ್ತಿದ್ದಳು. ಅಷ್ಟು ದೊಡ್ಡದು ಒಂದು ಕಡೆ, ಈ ಸಣ್ಣ ದನಿ ಇನ್ನೊಂದು ಕಡೆ. ಕುರಿಗಳು ದನಿಯ ಕಡೆಗೆ ಬಂದವು. ನನ್ನ ಕೆಲಸದ ಬಗ್ಗೆ ನನಗಿದ್ದ ಜಂಬವೆಲ್ಲ ಆ ಹಳ್ಳದಲ್ಲಿ ಎಲ್ಲಿ ಹೋಯಿತೋ.

ಬಾಯಿಯ ಹತ್ತಿರ ನೀರಿಗೆ ಬಿದ್ದವುಗಳಲ್ಲಿ ಎರಡು ತಾವೇ ಈಜಿ ಈಚೆ ಹತ್ತಿದವು. ಒಂದು ಜಾಲಿಯ ಕಂಟಿಯಲ್ಲಿ ಸಿಕ್ಕಿಕೊಂಡಿತ್ತು. ಡ್ರೈವರ್ ಮಾವ ಮುಳ್ಳಿನಲ್ಲಿ ನುಗ್ಗಿ ಎಳೆದು ತಂದ, ತೋಳು ಪೂರಾ ಗೀರಿತು. ಒಂದು ಕುರಿ ಸಿಗಲಿಲ್ಲ. ಅದು ಗಬ್ಬಾಗಿತ್ತು ಎಂದು ಮಗ ಹೇಳಿದ.

ಎತ್ತರದ ಹೊಲದಲ್ಲಿ ಹಿಂಡು ನಿಂತು ಮೈ ಕೊಡವುತ್ತಿತ್ತು. ಅಷ್ಟರಲ್ಲಿ ಕಲ್ಲಿನ ಹಾಸು ಕಾಣದಾಗಿತ್ತು. ಮಗ ನೆಟ್ಟಗೆ ನನ್ನ ಹತ್ತಿರ ಬಂದ.

"ಏ ಮೈಕಿನಾವಾ, ಯಾರ್ ಕೂಗು ಅಂದಿದ್ರಲೇ ನಿನಗ? ನಾ ಕೂಡ್ಸಾಕತ್ತಿದ್ದಿಲ್ಲೇನು?"

ನಾನು ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ಕೂಗು ಕೆಟ್ಟದ್ದಕ್ಕೆ ಕುರಿ ಹೋಯಿತು ಎಂದು ಅವನು ಮುಂದುವರಿಸಿದ. "ಅರ್ಧಂಬರ್ಧ ಕಲ್ತು ಕೂಗಿದ್ರ ಅವಕ್ಕ ದಿಕ್ಕ ತಪ್ಪತೈತಿ." ಅರ್ಧಂಬರ್ಧ ಎಂದದ್ದು ನನಗೆ ನಾಟಿತು. ಒಬ್ಬ ಮಿಮಿಕ್ರಿಯವನಿಗೆ ಕಳ್ಳ ಎನ್ನಿ, ಸುಮ್ಮನಿರುತ್ತಾನೆ.

"ಅಣ್ಣಾ, ಕುರಿ ಹೋದದ್ದು ನನ್ನಿಂದಽ, ಅದನ್ನ ಒಪ್ಪತೇನಿ. ಆದ್ರ ಕೂಗು ಅರ್ಧ ಆಗಿಲ್ಲ. ಒಂದು ಎಳಿ ತಪ್ಪಿಲ್ಲ."

"ತಪ್ಪಿಲ್ಲದಿದ್ರ ಅಲ್ಲ್ಯಾಕ ಹೋದುವು?"

"ಅದು ನನಗೂ ಗೊತ್ತಾಗವಲ್ದು."

ಫೋನು ತೆಗೆದೆ. ವ್ಯಾನಿನಲ್ಲೇ ಉಳಿದಿದ್ದರಿಂದ ಒಣಗಿತ್ತು. ಆಯಿಯ ರೆಕಾರ್ಡು ಹಚ್ಚಿದೆ, ಅದರ ಹಿಂದೆಯೇ ಮೆಲ್ಲಗೆ ನಾನೂ ಕೂಗಿ ತೋರಿಸಿದೆ. ಹಿಂಡಿನಲ್ಲಿ ಹತ್ತಾರು ತಲೆಗಳು ತಿರುಗಿದವು. ಮಗ ಮಧ್ಯದ ನಡುಕ ಕಡಿಮೆ ಇದೆ ಎಂದ. ಡ್ರೈವರ್ ಮಾವ ತೋಳಿನ ಮುಳ್ಳು ಕೀಳುತ್ತ, ಕೊನೆಗೆ ಎತ್ತುವುದು ಜಾಸ್ತಿ ಆಯಿತೇನೋ ಎಂದ. ಮೇಡಂ ಕೂಡ, ಒದ್ದೆ ಸೀರೆಯಲ್ಲಿ ನಡುಗುತ್ತ, ಭೋಂಗಾದಲ್ಲಿ ದನಿ ಬದಲಾಗಿರಬಹುದು ಎಂದು ತಮ್ಮದೊಂದು ಕಾರಣ ಸೇರಿಸಿದರು. ನಾನು ಇನ್ನೊಮ್ಮೆ ಹಚ್ಚಿದೆ. ಇನ್ನೊಮ್ಮೆ ಕೂಗಿದೆ.

ಕುರಿಗಳ ನಡುವೆ ಕುಳಿತು ಸೀರೆಯ ಸೆರಗು ಹಿಂಡುತ್ತಿದ್ದ ಆಯಿಯ ಕಡೆಗೆ ತಿರುಗಿದೆ. "ಆಯಿ, ನೀವಽ ಹೇಳ್ರಿ. ನಿಮ್ಮ ಕೂಗಿಗೂ ನನ್ನ ಕೂಗಿಗೂ ಏನ್ ಫರಕೈತಿ?"

ಅವಳು ಸೆರಗು ಹಿಂಡಿ ಮುಗಿಸಿದಳು.

"ಕೂಗಿನಾಗೇನೂ ಫರಕಿಲ್ಲ ತಮ್ಮಾ. ನಾ ಕೂಗೂವಾಗ ನನ್ನ ಕಾಲು ನೀರಾಗ ಇರ್ತಾವ. ನಿನ್ನವು ವ್ಯಾನಿನಾಗ ಇದ್ದುವು."